ವಿಂಡೋಸ್ 98 ಇದ್ದ ಪ್ರೆಸ್ಸಿನ ಕಂಪ್ಯೂಟರ್ ಕೈಕೊಟ್ಟಿದೆ, ಹೊಸ ಮಿಷನ್‌ಗೆ ಡ್ರೈವರ್ ಎಲ್ಲಿ ಹುಡುಕಲಿ?

ಗದಗಿನ_ಪ್ರೆಸ್ಸಿನವ:

ಎಲ್ಲರಿಗೂ ನಮಸ್ಕಾರ. ಗದಗದಲ್ಲಿ ನಮ್ಮದೊಂದು ಸಣ್ಣ ಪ್ರಿಂಟಿಂಗ್ ಪ್ರೆಸ್ ಇದೆ. ನಮ್ಮ ಊರನ್ನು ಮುದ್ರಣ ಕಾಶಿ ಅಂತಾರೆ, ನಿಮಗೂ ಗೊತ್ತಿರಬಹುದು. ಅಪ್ಪ ಮೊಳೆ ಜೋಡಿಸುವುದನ್ನು ಬಿಟ್ಟು ಕಂಪ್ಯೂಟರ್‌ಗೆ ಬಂದಿದ್ದು 2000ದಲ್ಲಿ. ಆಗ ತಂದ ಮಿಷನ್ ಹೋದ ತಿಂಗಳವರೆಗೂ ನಡೆಯುತ್ತಿತ್ತು. ಪೆಂಟಿಯಂ 3, 128 ಎಂಬಿ ಮೆಮೊರಿ, ವಿಂಡೋಸ್ 98 ಎಸ್‌ಇ, ಪುಟ ಕಟ್ಟಲು ಪೇಜ್‌ಮೇಕರ್ 6.5. ಕನ್ನಡ ಟೈಪ್ ಮಾಡಲು ಆ ಕಾಲದ ಒಂದು ಡಿಟಿಪಿ ಸಾಫ್ಟ್‌ವೇರ್. ಅದಕ್ಕೆ ಪ್ರಿಂಟರ್ ಪೋರ್ಟ್‌ಗೆ ಸಿಕ್ಕಿಸುವ ಡಾಂಗಲ್ ಬೇಕು. ಅದು ಇಲ್ಲದಿದ್ದರೆ ಒಂದಕ್ಷರವೂ ಮೂಡುವುದಿಲ್ಲ.

ಈಗ ಮದರ್‌ಬೋರ್ಡ್ ಹೋಗಿದೆ. ಸ್ವಿಚ್ ಹಾಕಿದರೆ ಫ್ಯಾನ್ ಒಂದು ಸುತ್ತು ತಿರುಗಿ ನಿಲ್ಲುತ್ತದೆ. ಹಾರ್ಡ್ ಡಿಸ್ಕ್ ಮಾತ್ರ ಚೆನ್ನಾಗಿದೆ.

2003ರಲ್ಲಿ ನಾವೇ ಅಚ್ಚು ಹಾಕಿದ 412 ಪುಟದ ಒಂದು ವಚನ ಸಂಗ್ರಹವನ್ನು ಮಠದವರು ಮತ್ತೆ ಕೇಳಿದ್ದಾರೆ. ಶ್ರಾವಣದ ಪ್ರವಚನ ಶುರುವಾಗುವುದರೊಳಗೆ ಪುಸ್ತಕ ಕೈಯಲ್ಲಿರಬೇಕು. ಫೈಲ್ ಇದೆ, ತೆರೆಯಲು ಮಿಷನ್ ಇಲ್ಲ. ತಪ್ಪು ತಿದ್ದುವುದೂ ಇದೆ, ಹಾಗಾಗಿ ಬರೀ ಪ್ರಿಂಟ್ ತೆಗೆದರೆ ಸಾಲದು.

ಆಫೀಸಿನಲ್ಲಿ ಎಂಟನೇ ತಲೆಮಾರಿನ ಐ5 ಕಂಪ್ಯೂಟರ್ ಇದೆ, 8 ಜಿಬಿ ಮೆಮೊರಿ. ಅದರಲ್ಲಿ ವಿಂಡೋಸ್ 98 ಹಾಕಲು ಮೂರು ದಿನದಿಂದ ಒದ್ದಾಡುತ್ತಿದ್ದೇನೆ. ಒಂದು ಸಲ ವಿಂಡೋಸ್ ಶುರು ಮಾಡುವಷ್ಟು ಮೆಮೊರಿ ಸಾಲದು ಅನ್ನುತ್ತದೆ. 8 ಜಿಬಿ ಇದ್ದೂ! ಇನ್ನೊಂದು ಸಲ ಪ್ರೊಟೆಕ್ಷನ್ ಎರರ್. ಈ ಬೋರ್ಡಿನ ಭಾಗಗಳನ್ನು ವಿಂಡೋಸ್‌ಗೆ ಪರಿಚಯಿಸುವ ಸಾಫ್ಟ್‌ವೇರ್, ಅಂದರೆ 98ರ ಡ್ರೈವರ್, ಎಲ್ಲಿ ಸಿಗುತ್ತದೆ? ದಯವಿಟ್ಟು ಹೇಳಿ.


ಚಿಪ್‌ಸೆಟ್_ಶಾನುಭೋಗ:

ಮೊದಲು ಒಂದು ಮಾತು, ಸರ್. ಆ ಹಾರ್ಡ್ ಡಿಸ್ಕನ್ನು ಇನ್ನು ಯಾವ ಮಿಷನ್‌ಗೂ ಹಾಕಿ ಬೂಟ್ ಮಾಡಬೇಡಿ. ಐಡಿಇಯಿಂದ (ಹಳೇ ಡಿಸ್ಕ್‌ಗಳ ಜೋಡಣೆ) ಯುಎಸ್‌ಬಿಗೆ ಹೋಗುವ ಅಡಾಪ್ಟರ್ ತನ್ನಿ. ಇಡೀ ಡಿಸ್ಕಿನ ಇಮೇಜ್, ಅಂದರೆ ಇದ್ದದ್ದು ಇದ್ದ ಹಾಗೆ ಪೂರ್ತಿ ನಕಲು, ತೆಗೆದು ಎರಡು ಕಡೆ ಇಡಿ. ಆಮೇಲೆ ಉಳಿದ ಮಾತು. ಇಪ್ಪತ್ತು ವರ್ಷ ದಾಟಿದ ಡಿಸ್ಕ್ ಅದು.

ಈಗ ನಿಮ್ಮ ಪ್ರಶ್ನೆಗೆ ನೇರ ಉತ್ತರ. ಆ ಐ5 ಬೋರ್ಡ್‌ಗೆ 98ರ ಡ್ರೈವರ್ ಎಲ್ಲೂ ಇಲ್ಲ. ಯಾರೂ ಬರೆಯಲೇ ಇಲ್ಲ. ಇಂಟೆಲ್ 98ಕ್ಕೆ ಚಿಪ್‌ಸೆಟ್ (ಬೋರ್ಡಿನ ಭಾಗಗಳನ್ನು ಬೆಸೆಯುವ ಮುಖ್ಯ ಚಿಪ್‌ಗಳು) ಫೈಲ್ ಕೊಟ್ಟಿದ್ದು ಹೆಚ್ಚುಕಡಿಮೆ 865 ಚಿಪ್‌ಸೆಟ್‌ವರೆಗೆ. ಅದು ಬಂದಿದ್ದು 2003ರಲ್ಲಿ. ಗ್ರಾಫಿಕ್ಸ್ ಚಿಪ್ ಮಾಡುವ ಎನ್‌ವಿಡಿಯಾದವರು 98ಕ್ಕೆ ಅಂತ ಕೊಟ್ಟ ಕೊನೆಯ ಡ್ರೈವರ್ 81.98. ಅದು ಜಿಫೋರ್ಸ್ 6 ಸರಣಿಯವರೆಗೆ ನಡೆಯುತ್ತದೆ. ಎಟಿಐನವರದು ಕ್ಯಾಟಲಿಸ್ಟ್ 6.2ಕ್ಕೆ ನಿಂತಿತು. ನಿಮ್ಮ ಬೋರ್ಡ್ ಬಂದಿದ್ದು ಅದಕ್ಕಿಂತ ಹತ್ತು ಹನ್ನೆರಡು ವರ್ಷ ತಡವಾಗಿ.

ಮೆಮೊರಿ ಸಾಲದು ಅನ್ನುವುದಕ್ಕೂ ಕಾರಣ ಇದೆ. 98 ಬಂದಾಗ ಮನೆಗಳಲ್ಲಿ 32, 64 ಎಂಬಿ ಇರುತ್ತಿತ್ತು. ಡಿಸ್ಕ್ ಕ್ಯಾಶ್ ನೋಡಿಕೊಳ್ಳುವ ವಿಕ್ಯಾಶ್ ಅನ್ನುವ ಭಾಗ, ಇದ್ದ ಮೆಮೊರಿಗೆ ತಕ್ಕಷ್ಟು ವಿಳಾಸದ ಜಾಗವನ್ನು ಮೊದಲೇ ಹಿಡಿದುಕೊಳ್ಳುತ್ತದೆ. 512 ಎಂಬಿ ದಾಟಿದರೆ ಅದೇ ಎಲ್ಲವನ್ನೂ ನುಂಗಿಬಿಡುತ್ತದೆ. ಉಳಿದವರಿಗೆ ಜಾಗವೇ ಇರುವುದಿಲ್ಲ. ಸಿಸ್ಟಮ್.ಐಎನ್‌ಐ ಫೈಲಿನಲ್ಲಿ ಮ್ಯಾಕ್ಸ್‌ಫೈಲ್‌ಕ್ಯಾಶ್ ಮಿತಿ ಹಾಕಬಹುದು. ಮ್ಯಾಕ್ಸ್‌ಫಿಸ್‌ಪೇಜ್ ಅಂತ ಇನ್ನೊಂದು ಸಾಲಿದೆ. ಅದಕ್ಕೆ 30000 ಅಂತ ಕೊಟ್ಟರೆ 768 ಎಂಬಿ ಮೇಲೆ ವಿಂಡೋಸ್ ಕಣ್ಣೆತ್ತಿಯೂ ನೋಡುವುದಿಲ್ಲ. ಆ ಸಂಖ್ಯೆ ಹೆಕ್ಸ್‌ನಲ್ಲಿದೆ (ಹದಿನಾರರ ಲೆಕ್ಕ), ಒಂದೊಂದು ಪೇಜ್ 4 ಕೆಬಿ. ಇಷ್ಟು ಮಾಡಿದರೆ ಡೆಸ್ಕ್‌ಟಾಪ್ ಬಂದರೂ ಬಂದೀತು. ಆದರೆ 16 ಬಣ್ಣದಲ್ಲಿ, ನೆಟ್‌ವರ್ಕ್ ಇಲ್ಲದೆ, ಯುಎಸ್‌ಬಿ ಇಲ್ಲದೆ. ಅದರಲ್ಲಿ 412 ಪುಟ ತಿದ್ದಲು ಆಗುವುದಿಲ್ಲ.

ಅದಕ್ಕೇ ನಾನು ಎಲ್ಲರಿಗೂ ಹೇಳುವುದು: ಬೋರ್ಡ್ ಇಟ್ಟುಕೊಂಡು ಡ್ರೈವರ್ ಹುಡುಕಬೇಡಿ. ಡ್ರೈವರ್ ಎಲ್ಲಿಯವರೆಗೆ ಇದೆ ಅಂತ ನೋಡಿಕೊಂಡು ಬೋರ್ಡ್ ಹುಡುಕಿ.

ಎರಡು ಪ್ರಶ್ನೆ. ನಿಮಗೆ 98ವೇ ಬೇಕಾ, ಅದರ ನಂತರದ ವಿಂಡೋಸ್ ಎಕ್ಸ್‌ಪಿ ಆಗುವುದಿಲ್ಲವಾ? ಪೇಜ್‌ಮೇಕರ್ 6.5 ಎಕ್ಸ್‌ಪಿಯಲ್ಲಿ ನಡೆಯುತ್ತದೆ, ನಾನೇ ಓಡಿಸಿದ್ದೇನೆ. ಮತ್ತೆ, ಡಾಂಗಲ್ ಮೇಲೆ ಏನು ಬರೆದಿದೆ?


ಕರಾವಳಿ_ಬೆಸುಗೆ:

ಪ್ರೆಸ್ಸಿನವರೇ, ಆ ಹಳೇ ಬೋರ್ಡನ್ನು ಗುಜರಿಗೆ ಹಾಕಬೇಡಿ ಮಾರಾಯ್ರೇ. ಫ್ಯಾನ್ ಒಂದು ಸುತ್ತು ತಿರುಗಿ ನಿಲ್ಲುವುದು ಎಂದರೆ ಹೆಚ್ಚಾಗಿ ಕೆಪಾಸಿಟರ್ ಸಮಸ್ಯೆ. ಪ್ರೊಸೆಸರ್ ಸುತ್ತ ಸಣ್ಣ ಡಬ್ಬಿಯಂಥವು ಸಾಲಾಗಿ ಇರುತ್ತವೆ, ನೋಡಿ. ಅವುಗಳ ತಲೆ ಚಪ್ಪಟೆ ಇರಬೇಕು. ಉಬ್ಬಿದ್ದರೆ, ಕಂದು ಬಣ್ಣದ ಅಂಟು ಸೋರಿದ್ದರೆ ಅವೇ ಹೋಗಿರುವುದು. ಆ ಐದಾರು ವರ್ಷದಲ್ಲಿ ಬಂದ ಬೋರ್ಡ್‌ಗಳಲ್ಲಿ ಇದು ತುಂಬಾ ಕಂಡಿದ್ದೇನೆ. ಒಳಗಿನ ದ್ರವವೇ ಸರಿ ಇರಲಿಲ್ಲ.

ಅಷ್ಟೇ ವೋಲ್ಟ್, ಅಷ್ಟೇ ಮೈಕ್ರೋಫ್ಯಾರಡ್ ಇರುವ ಲೋ ಇಎಸ್‌ಆರ್ (ಒಳಗಿನ ತಡೆ ಕಡಿಮೆ ಇರುವ) ಕೆಪಾಸಿಟರ್ ಹಾಕಿಸಿ. ಸಾಮಾನ್ಯ ಕೆಪಾಸಿಟರ್ ಬೇಡ. ಟಿವಿ ರಿಪೇರಿ ಮಾಡುವ ಒಳ್ಳೆಯ ಕೈಯವರು ಮಾಡಿಕೊಡುತ್ತಾರೆ. ಮೊದಲು ಬೇರೆ ಎಸ್‌ಎಂಪಿಎಸ್ (ಪವರ್ ಸಪ್ಲೈ) ಹಾಕಿ ನೋಡಿ, ತಪ್ಪು ಅದರದ್ದೂ ಇರಬಹುದು.


ಗದಗಿನ_ಪ್ರೆಸ್ಸಿನವ:

ಶಾನುಭೋಗರೇ, ಡಿಸ್ಕ್ ಇಮೇಜ್ ತೆಗೆದೆ. 20 ಜಿಬಿ ಡಿಸ್ಕ್, ಕೊನೆಯಲ್ಲಿ ಮೂರು ಸೆಕ್ಟರ್ ಮಾತ್ರ ಓದಲಿಲ್ಲ. ಪುಸ್ತಕದ ಫೈಲ್‌ಗಳೆಲ್ಲ ಬಂದಿವೆ. ಅಪ್ಪನಿಗೆ ಹೇಳಿದಾಗ ಅವರ ಮುಖ ನೋಡಬೇಕಿತ್ತು.

ಡಾಂಗಲ್ ಮೇಲೆ ಹ್ಯಾಸ್ಪ್ ಅಂತ ಸಣ್ಣಗೆ ಅಚ್ಚಾಗಿದೆ. ಎಕ್ಸ್‌ಪಿ ಆದರೂ ನಡೆಯುತ್ತದೆ, ಕೆಲಸ ಆದರೆ ಸಾಕು. ಆ ಸಾಫ್ಟ್‌ವೇರ್ ಕೊಟ್ಟವರಿಗೆ ಫೋನ್ ಮಾಡಿದ್ದೆ. ಅಷ್ಟು ಹಳೆಯದಕ್ಕೆ ಏನೂ ಮಾಡಲು ಆಗುವುದಿಲ್ಲ, ಹೊಸದು ಕೊಳ್ಳಿ ಅಂದರು. ಹೊಸದು ಕೊಂಡರೂ ಹಳೇ ಫೈಲಿನ ಅಕ್ಷರ ಅದರಲ್ಲಿ ಸರಿಯಾಗಿ ಬರುತ್ತದಾ ಅಂದರೆ ಅದಕ್ಕೂ ಭರವಸೆ ಕೊಡಲಿಲ್ಲ.

ಬೆಸುಗೆಯವರೇ, ನೀವು ಹೇಳಿದ್ದು ಸರಿ. ಏಳು ಕೆಪಾಸಿಟರ್ ಉಬ್ಬಿವೆ. ಹುಬ್ಬಳ್ಳಿಗೆ ಕಳಿಸುತ್ತೇನೆ. ಅಷ್ಟರಲ್ಲಿ ಬೇರೆ ದಾರಿಯೂ ನೋಡಬೇಕು, ಶ್ರಾವಣ ಕಾಯುವುದಿಲ್ಲ.


ದೂರದೂರಿನ_ಕನ್ನಡತಿ:

ನಾನು ಮ್ಯೂನಿಕ್‌ನಲ್ಲಿ ಇದ್ದೇನೆ. ಬರಹ ತಂತ್ರಾಂಶದ ಹಳೇ ಫೈಲ್‌ಗಳನ್ನು ತೆರೆಯಲು 98 ಓಡಿಸುತ್ತೇನೆ, ಆದರೆ ಬೋರ್ಡ್ ಹುಡುಕುವ ಗೋಜಿಗೇ ಹೋಗಲಿಲ್ಲ. ವರ್ಚುವಲ್ ಮಿಷನ್, ಅಂದರೆ ಈಗಿನ ಕಂಪ್ಯೂಟರ್ ಒಳಗೇ ಓಡುವ ನಕಲಿ ಕಂಪ್ಯೂಟರ್, ಹಾಕಿದೆ. ಅದರೊಳಗೆ ಇರುವ ಯಂತ್ರ ಹಳೇ ಕಾಲದ್ದು, ಹಾಗಾಗಿ ಡ್ರೈವರ್ ತೊಂದರೆ ಕಡಿಮೆ. 86ಬಾಕ್ಸ್ ಅಂತ ಒಂದಿದೆ, ಅದು ಚಿಪ್‌ಸೆಟ್, ಗ್ರಾಫಿಕ್ಸ್ ಕಾರ್ಡ್, ಸೌಂಡ್ ಕಾರ್ಡ್ ಎಲ್ಲವನ್ನೂ ಆ ಕಾಲದ ಮಾದರಿಯಂತೆಯೇ ನಕಲು ಮಾಡುತ್ತದೆ. ಎಸ್3 ಕಾರ್ಡ್ ಆರಿಸಿಕೊಂಡರೆ 98ರ ಸಿಡಿಯಲ್ಲಿರುವ ಡ್ರೈವರೇ ಹಿಡಿಯುತ್ತದೆ. ನಿಧಾನ, ಆದರೆ ನಂಬಬಹುದು.

ವರ್ಚುವಲ್‌ಬಾಕ್ಸ್ ಬಳಸುವವರು ಒಂದು ವಿಷಯ ತಿಳಿದಿರಲಿ. ನನ್ನದು ರೈಜೆನ್ ಪ್ರೊಸೆಸರ್. 98 ಇನ್‌ಸ್ಟಾಲ್ ಆಗುವಾಗಲೇ ಬೀಳುತ್ತಿತ್ತು, ಒಂದೊಂದು ಸಲ ಒಂದೊಂದು ತಪ್ಪು ತೋರಿಸುತ್ತಿತ್ತು. ವಾರಗಟ್ಟಲೆ ಸಿಡಿಯನ್ನೇ ಅನುಮಾನಿಸಿದೆ. ಕಾರಣ ಬೇರೆ ಇತ್ತು. ಮೆಮೊರಿ ವಿಳಾಸಗಳನ್ನು ಪ್ರೊಸೆಸರ್ ತಾತ್ಕಾಲಿಕವಾಗಿ ನೆನಪಿಟ್ಟುಕೊಳ್ಳುತ್ತದೆ. ಆ ಪಟ್ಟಿ ಬದಲಾದಾಗ ಹಳೆಯದನ್ನು ಅಳಿಸು ಅಂತ ವಿಂಡೋಸ್ ಹೇಳಬೇಕು. 98 ಕೆಲವು ಕಡೆ ಹೇಳುವುದೇ ಇಲ್ಲ. ಹಳೇ ಪ್ರೊಸೆಸರ್‌ಗಳು ಹೇಗೋ ಸುಧಾರಿಸಿಕೊಂಡು ಹೋಗುತ್ತಿದ್ದವು. ಹೊಸವು ಹಾಗಲ್ಲ. ಪ್ಯಾಚರ್9ಎಕ್ಸ್ ಅನ್ನುವ ಉಚಿತ ತಂತ್ರಾಂಶ ಈ ತಪ್ಪನ್ನು ವಿಂಡೋಸ್ ಫೈಲ್‌ಗಳಲ್ಲೇ ತಿದ್ದುತ್ತದೆ. ಅದನ್ನು ಹಾಕಿದ ಮೇಲೆ ಒಂದು ಸಲವೂ ಬಿದ್ದಿಲ್ಲ.

ಪ್ರೆಸ್ಸಿನವರ ಆ ಡಿಸ್ಕ್ ಇಮೇಜನ್ನೇ ಇದರಲ್ಲಿ ಹಾಕಿ ನೋಡಬಹುದು ಅನ್ನಿಸುತ್ತದೆ. ಯುಎಸ್‌ಬಿಯಿಂದ ಪ್ರಿಂಟರ್ ಪೋರ್ಟ್‌ಗೆ ಹೋಗುವ ಕೇಬಲ್ ಸಿಗುತ್ತದಲ್ಲ, ಡಾಂಗಲ್ ಅದಕ್ಕೆ ಸಿಕ್ಕಿಸಿದರೆ?


ಚಿಪ್‌ಸೆಟ್_ಶಾನುಭೋಗ:

ಪ್ಯಾಚರ್9ಎಕ್ಸ್ ಬಗ್ಗೆ ಹೇಳಿದ್ದು ಒಳ್ಳೆಯದಾಯಿತು. ಮೇಡಂ, ಆ ಕೇಬಲ್ ಮಾತ್ರ ಬೇಡ. ತುಂಬಾ ಜನ ದುಡ್ಡು ಕಳೆದುಕೊಳ್ಳುವುದು ಅಲ್ಲೇ, ಅದಕ್ಕೆ ಬಿಡಿಸಿ ಹೇಳುತ್ತೇನೆ.

ನಿಜವಾದ ಪ್ಯಾರಲಲ್ ಪೋರ್ಟ್‌ಗೆ (ಪ್ರಿಂಟರ್ ಪೋರ್ಟ್) ಒಂದು ವಿಳಾಸ ಇರುತ್ತದೆ, ಸಾಮಾನ್ಯವಾಗಿ 378. ಹಳೇ ಡಾಂಗಲ್ ಸಾಫ್ಟ್‌ವೇರ್ ನೇರವಾಗಿ ಆ ವಿಳಾಸಕ್ಕೆ ಒಂದು ಬೈಟ್ ಬರೆಯುತ್ತದೆ, ಪಕ್ಕದ ವಿಳಾಸದಿಂದ ಉತ್ತರ ಓದುತ್ತದೆ. ಒಂದೊಂದು ತಂತಿ ಮೇಲೆ ಕೆಳಗೆ ಆಗುವುದನ್ನು ಕ್ಷಣ ಕ್ಷಣಕ್ಕೆ ಗಮನಿಸುತ್ತದೆ. ಯುಎಸ್‌ಬಿ ಕೇಬಲ್ ಒಳಗೆ 378 ಇಲ್ಲವೇ ಇಲ್ಲ. ಅದು ತನ್ನನ್ನು ಪ್ರಿಂಟರ್ ಅಂತ ಪರಿಚಯಿಸಿಕೊಳ್ಳುತ್ತದೆ, ಪುಟಗಳನ್ನು ತೆಗೆದುಕೊಂಡು ಮುಂದಕ್ಕೆ ಕಳಿಸುತ್ತದೆ, ಅಷ್ಟೇ. ಡಾಂಗಲ್ ಅದಕ್ಕೆ ಕಾಣುವುದೇ ಇಲ್ಲ. ಯಾವ ಡ್ರೈವರ್ ತಂದರೂ ಇದು ಬದಲಾಗುವುದಿಲ್ಲ.

ಬೋರ್ಡಿನ ಪಿಸಿಐ ಸ್ಲಾಟಿಗೆ ಹಾಕುವ ಪ್ಯಾರಲಲ್ ಕಾರ್ಡ್ ಇದಕ್ಕಿಂತ ಮೇಲು. ಅದು ನಿಜವಾದ ಪೋರ್ಟ್. ಆದರೆ ವಿಳಾಸ 378 ಆಗಿರುವುದಿಲ್ಲ, ಬೇರೆ ಎಲ್ಲೋ ಮೇಲೆ ಬಂದು ಕೂರುತ್ತದೆ. ಕೆಲವು ಡಾಂಗಲ್‌ಗಳ ಡ್ರೈವರ್‌ಗೆ ಆ ವಿಳಾಸ ತಿಳಿಸಬಹುದು. ಕೆಲವು 378, 278, 3ಬಿಸಿ ಈ ಮೂರನ್ನು ಬಿಟ್ಟು ಬೇರೆ ಕಡೆ ಹುಡುಕುವುದೇ ಇಲ್ಲ. ನಿಮ್ಮದು ಯಾವ ಜಾತಿ ಅಂತ ಸಿಕ್ಕಿಸಿದ ಮೇಲೇ ಗೊತ್ತಾಗುವುದು. ಸಮಯ ಕಡಿಮೆ ಇದೆ ಅಂತೀರಿ, ಹಾಗಿದ್ದರೆ ಬೋರ್ಡ್ ಮೇಲೆಯೇ ಪ್ಯಾರಲಲ್ ಪೋರ್ಟ್ ಇರುವುದನ್ನು ತಗೊಳ್ಳಿ.

ಇನ್ನು 98ಕ್ಕೂ ಎಕ್ಸ್‌ಪಿಗೂ ಇರುವ ವ್ಯತ್ಯಾಸ. 98ರಲ್ಲಿ ಯಾವ ಪ್ರೋಗ್ರಾಂ ಬೇಕಾದರೂ ಪೋರ್ಟ್ ಮುಟ್ಟಬಹುದಿತ್ತು. ಎಕ್ಸ್‌ಪಿ ಬಿಡುವುದಿಲ್ಲ. ನಡುವೆ ಒಂದು ಡ್ರೈವರ್ ಇರಲೇಬೇಕು. ಹ್ಯಾಸ್ಪ್ ಆಗಿದ್ದು ನಿಮ್ಮ ಅದೃಷ್ಟ. ಅದನ್ನು ಮಾಡುತ್ತಿದ್ದ ಅಲಾದ್ದೀನ್ ಕಂಪನಿಯನ್ನು 2009ರಲ್ಲಿ ಸೇಫ್‌ನೆಟ್ ತಗೊಂಡಿತು, ಅದನ್ನು ಜೆಮಾಲ್ಟೊ ತಗೊಂಡಿತು, 2019ರಲ್ಲಿ ಅದೂ ಥೇಲ್ಸ್ ಕೈಗೆ ಹೋಯಿತು. ಕಂಪನಿ ಕೈ ಬದಲಾದಾಗೆಲ್ಲ ಡ್ರೈವರ್ ಪುಟದ ವಿಳಾಸವೂ ಬದಲಾಗಿದೆ. ಹಳೇ ಹೆಸರಲ್ಲಿ ಹುಡುಕಿದರೆ ಸಿಗದೇ ಇರುವುದು ಅದಕ್ಕೇ. ಈಗಿನ ಹೊಸ ಆವೃತ್ತಿ ಬೇಡ, ಎಕ್ಸ್‌ಪಿ ಕಾಲದ್ದನ್ನೇ ಹುಡುಕಿ.

ಎಕ್ಸ್‌ಪಿ ಹಾಕುವಾಗ 32 ಬಿಟ್‌ನದ್ದೇ ಹಾಕಿ. ನಿಮ್ಮ ಡಿಟಿಪಿ ಸಾಫ್ಟ್‌ವೇರಿನ ಇನ್‌ಸ್ಟಾಲರ್ 16 ಬಿಟ್ ಆಗಿರುವ ಸಾಧ್ಯತೆ ಜಾಸ್ತಿ. 64 ಬಿಟ್ ವಿಂಡೋಸ್ ಅದನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ.


ಎಸ್‌ಪಿ_ರೋಡ್_ಸುತ್ತಾಟ:

ಬೋರ್ಡ್ ವಿಷಯ ನನಗೆ ಬಿಡಿ. ಬೆಂಗಳೂರಲ್ಲಿ ಎಸ್‌ಪಿ ರೋಡ್ ಹಿಂದಿನ ಗಲ್ಲಿಗಳಲ್ಲಿ ಆಫೀಸುಗಳಿಂದ ಬಿಚ್ಚಿದ ಹಳೇ ಬೋರ್ಡ್ ಹುಡುಕುವುದು ನನ್ನ ಶನಿವಾರದ ಕೆಲಸ.

ನಿಮಗೆ ಬೇಕಾಗಿರುವುದು ಎಚ್61 ಚಿಪ್‌ಸೆಟ್ ಬೋರ್ಡ್. ಅದರ ಮೇಲೆ ಎರಡನೇ ಅಥವಾ ಮೂರನೇ ತಲೆಮಾರಿನ ಐ3. ಎಕ್ಸ್‌ಪಿಗೆ ಎಲ್ಲಾ ಡ್ರೈವರ್ ಕೊಟ್ಟ ಕೊನೆಯ ತಲೆಮಾರು ಅದೇ. ಮೂರನೇ ತಲೆಮಾರಿನ ಎಚ್‌ಡಿ 2500, ಎಚ್‌ಡಿ 4000 ಗ್ರಾಫಿಕ್ಸ್‌ಗೂ ಇಂಟೆಲ್ ಎಕ್ಸ್‌ಪಿ ಡ್ರೈವರ್ ಕೊಟ್ಟಿದೆ. ನಾಲ್ಕನೇ ತಲೆಮಾರಿಗೆ ಬಂದರೆ ಗ್ರಾಫಿಕ್ಸ್ ಡ್ರೈವರ್ ಇಲ್ಲ. ಪ್ರತ್ಯೇಕ ಕಾರ್ಡ್ ಹಾಕಬೇಕು. ಎನ್‌ವಿಡಿಯಾದ 368.81 ಡ್ರೈವರ್ ಎಕ್ಸ್‌ಪಿಯಲ್ಲಿ ಜಿಟಿಎಕ್ಸ್ 960ವರೆಗೆ ಹಿಡಿಯುತ್ತದೆ. ಪುಸ್ತಕ ತಿದ್ದಲು ಅದೆಲ್ಲಾ ಯಾಕೆ, ಅಲ್ವಾ?

ಎಚ್61 ಬೋರ್ಡ್‌ಗಳಲ್ಲಿ ಕೆಲವಕ್ಕೆ ಹಿಂದೆಯೇ ಪ್ಯಾರಲಲ್ ಪೋರ್ಟ್ ಇದೆ. ಕೆಲವಕ್ಕೆ ಒಳಗೆ 26 ಪಿನ್ನಿನ ಜಾಗ ಮಾತ್ರ ಇರುತ್ತದೆ, ಎಲ್‌ಪಿಟಿ ಅಂತ ಬರೆದಿರುತ್ತದೆ. ಅದಕ್ಕೆ ಪಟ್ಟಿ ಇರುವ ಕೇಬಲ್ ಬೇರೆ ಕೊಳ್ಳಬೇಕು. ಎರಡೂ ಒಂದೇ, ವಿಳಾಸ 378ವೇ ಬರುತ್ತದೆ. ಕೊಳ್ಳುವಾಗ ಮಾನಿಟರ್ ಹಾಕಿ ಬಯೋಸ್ (ಬೋರ್ಡಿನ ಸೆಟ್ಟಿಂಗ್ ಪರದೆ) ತೆರೆಸಿ ನೋಡಿ. ಡಿಸ್ಕ್ ಜೋಡಣೆಯ ಸಾಟಾ ಮೋಡ್‌ನಲ್ಲಿ ಐಡಿಇ ಅಂತ ಆಯ್ಕೆ ಇರಬೇಕು. ಪಿಎಸ್/2 ಕೀಬೋರ್ಡ್ ಜಾಗ ಇದ್ದರೆ ಇನ್ನೂ ಒಳ್ಳೆಯದು.

ಯಾರಿಗಾದರೂ ನಿಜವಾಗಿಯೂ 98ವೇ ಬೇಕಿದ್ದರೆ, ಆದಷ್ಟು ವೇಗದ ಮಿಷನ್ ಬೇಕಿದ್ದರೆ, ಎಎಸ್‌ರಾಕ್ 775ಐ65ಜಿ ಬೋರ್ಡ್ ಹುಡುಕಿ. 865ಜಿ ಚಿಪ್‌ಸೆಟ್, ಹಾಗಾಗಿ 98ರ ಡ್ರೈವರ್ ಇದೆ. ಆದರೆ ಕೋರ್ 2 ಡುಯೋ ಕೂರುತ್ತದೆ. ನನ್ನ ಹತ್ತಿರ ಒಂದಿದೆ, ಕೊಡುವುದಿಲ್ಲ, ಕ್ಷಮಿಸಿ. ಅದು ಕೈಗೆ ಸಿಗಲು ನನಗೆ ಎರಡು ವರ್ಷ ಬೇಕಾಯಿತು.

ಪ್ರೆಸ್ಸಿನವರೇ, ಈ ಶನಿವಾರ ನಿಮಗೊಂದು ಎಚ್61 ನೋಡುತ್ತೇನೆ.


ಧಾರವಾಡ_ಲ್ಯಾಬ್:

ನಡುವೆ ಕೇಳುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. ನಾನು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ನಮ್ಮ ಲ್ಯಾಬಿನಲ್ಲಿ ಒಂದು ಹಳೇ ಉಪಕರಣ ಇದೆ. ಅದಕ್ಕೆ ಒಂದು ಐಎಸ್‌ಎ (ಹಳೇ ಮಾದರಿಯ ಸ್ಲಾಟ್) ಕಾರ್ಡ್, ವಿಂಡೋಸ್ 95ರ ಸಾಫ್ಟ್‌ವೇರ್. ಉಪಕರಣ ಈಗಲೂ ಕರಾರುವಾಕ್ಕಾಗಿ ಅಳೆಯುತ್ತದೆ. ಕಂಪ್ಯೂಟರ್ ಮಾತ್ರ ಇವತ್ತೋ ನಾಳೆಯೋ ಅನ್ನುವಂತಿದೆ. ಹೊಸ ಉಪಕರಣಕ್ಕೆ ಅನುದಾನ ಇಲ್ಲ. ಮಕ್ಕಳ ಪ್ರಾಜೆಕ್ಟ್ ಎಲ್ಲಾ ಅದರ ಮೇಲೇ ನಿಂತಿದೆ.


ಚಿಪ್‌ಸೆಟ್_ಶಾನುಭೋಗ:

ಮೇಡಂ, ಇದು ಡ್ರೈವರ್‌ಗಿಂತ ಸ್ಲಾಟಿನ ಪ್ರಶ್ನೆ. ಮನೆ ಬೋರ್ಡ್‌ಗಳಲ್ಲಿ ಐಎಸ್‌ಎ ಸ್ಲಾಟ್ ಪೆಂಟಿಯಂ 4 ಬರುವ ಹೊತ್ತಿಗೆ ಹೋಗಿಬಿಟ್ಟಿತು. ಕಾರ್ಖಾನೆಗಳಿಗೆ ಅಂತ ಮಾಡುವ ಇಂಡಸ್ಟ್ರಿಯಲ್ ಬೋರ್ಡ್‌ಗಳಲ್ಲಿ ಉಳಿದುಕೊಂಡಿದೆ, ಪಿಸಿಐಯಿಂದ ಐಎಸ್‌ಎಗೆ ಸೇತುವೆ ಹಾಕುವ ಐಟಿ8888 ಅನ್ನುವ ಚಿಪ್ ಮೂಲಕ. ನಿಮ್ಮ ಕಾರ್ಡ್ ಡಿಎಂಎ (ಪ್ರೊಸೆಸರ್ ನಡುವೆ ಬರದೆ ನೇರ ಮೆಮೊರಿ ಮುಟ್ಟುವುದು) ಬಳಸುತ್ತದಾ ಅಂತ ಮೊದಲು ಕೈಪಿಡಿಯಲ್ಲಿ ನೋಡಿ. ಬಳಸಿದರೆ ಆಯ್ಕೆ ತುಂಬಾ ಕಡಿಮೆಯಾಗುತ್ತದೆ.

ಇನ್ನೊಂದು ಎಚ್ಚರ. 2.1 ಗಿಗಾಹರ್ಟ್ಸ್‌ಗಿಂತ ವೇಗದ ಪ್ರೊಸೆಸರ್ ಮೇಲೆ ವಿಂಡೋಸ್ 95 ಪ್ರೊಟೆಕ್ಷನ್ ಎರರ್ ಕೊಟ್ಟು ನಿಲ್ಲುತ್ತದೆ. ಪ್ರೊಸೆಸರ್ ಎಷ್ಟು ವೇಗ ಅಂತ ಅಳೆಯಲು ಅದು ಒಂದು ಲೆಕ್ಕವನ್ನು ಸುತ್ತು ಸುತ್ತಾಗಿ ಮಾಡುತ್ತದೆ. ಸುತ್ತು ಅಷ್ಟು ಬೇಗ ಮುಗಿದರೆ ಕಳೆದ ಸಮಯ ಸೊನ್ನೆ ಬರುತ್ತದೆ. ಸೊನ್ನೆಯಿಂದ ಭಾಗಿಸಲು ಹೋಗಿ ಬೀಳುತ್ತದೆ. ಇದಕ್ಕೆ ಫಿಕ್ಸ್95ಸಿಪಿಯು ಅನ್ನುವ ಪ್ಯಾಚ್ ಇದೆ. ಬೋರ್ಡ್ ಬದಲಿಸುವ ಮೊದಲು ಬೆಸುಗೆಯವರ ಮಾತು ಕೇಳಿ. ಇದ್ದ ಬೋರ್ಡಿನ ಕೆಪಾಸಿಟರ್ ಬದಲಿಸಿ, ಡಿಸ್ಕ್ ಬದಲು ಕಾಂಪ್ಯಾಕ್ಟ್ ಫ್ಲಾಶ್ ಕಾರ್ಡ್ ಹಾಕಿಸಿ. ನಿಮ್ಮ ಲ್ಯಾಬಿಗೆ ಅದೇ ಸರಿ.


ಗದಗಿನ_ಪ್ರೆಸ್ಸಿನವ:

ಬೋರ್ಡ್ ಬಸ್ಸಿಗೆ ಬಂತು! ಸುತ್ತಾಟದವರಿಗೆ ಎಷ್ಟು ಧನ್ಯವಾದ ಹೇಳಿದರೂ ಸಾಲದು. ಸುಮ್ನೆ ಹೇಳುತ್ತಿಲ್ಲ, ಪರಿಚಯವೇ ಇಲ್ಲದ ನನಗೋಸ್ಕರ ಇಡೀ ಶನಿವಾರ ಓಡಾಡಿದ್ದಾರೆ.

ಮೊದಲು ಎಕ್ಸ್‌ಪಿ ಸಿಡಿ ಹಾಕಿದಾಗ ನೀಲಿ ಪರದೆ ಬಂತು, 7ಬಿ ಅಂತ ಕೊನೆಯಾಗುವ ಸಂಖ್ಯೆ. ಬಯೋಸ್‌ನಲ್ಲಿ ಸಾಟಾವನ್ನು ಹೊಸ ಕ್ರಮವಾದ ಎಎಚ್‌ಸಿಐಯಿಂದ ಹಳೇ ಐಡಿಇಗೆ ಬದಲಿಸಿದ ಮೇಲೆ ಸಲೀಸಾಗಿ ಹತ್ತಿತು. ಈಗ ಎಕ್ಸ್‌ಪಿ ಸರ್ವಿಸ್ ಪ್ಯಾಕ್ 3 ನಡೆಯುತ್ತಿದೆ. ಆದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತು ನಾಲ್ಕಿವೆ. ಬೋರ್ಡ್ ಜೊತೆ ಸಿಡಿ ಬಂದಿಲ್ಲ. ಡ್ರೈವರ್ ತಾನೇ ಹುಡುಕಿ ಹಾಕುತ್ತೇನೆ ಅನ್ನುವ ಒಂದು ಪ್ರೋಗ್ರಾಂ ಇಳಿಸಿಕೊಂಡೆ. ಡ್ರೈವರ್ ಒಂದೂ ಬರಲಿಲ್ಲ, ಪರದೆ ತುಂಬಾ ಜಾಹೀರಾತು ಬಂತು. ಎಲ್ಲಾ ಅಳಿಸಿ ಮತ್ತೆ ಮೊದಲಿಂದ ಹಾಕಿದೆ. ಒಂದು ದಿನ ಹೋಯಿತು.


ಚಿಪ್‌ಸೆಟ್_ಶಾನುಭೋಗ:

7ಬಿ ಅಂದರೆ ಬೂಟ್ ಡಿಸ್ಕ್ ಕಾಣುತ್ತಿಲ್ಲ ಅಂತ. ಎಕ್ಸ್‌ಪಿ ಬಂದಿದ್ದು 2001ರಲ್ಲಿ, ಅದರ ಸಿಡಿಯಲ್ಲಿ ಎಎಚ್‌ಸಿಐ ಡ್ರೈವರ್ ಇಲ್ಲ. ಶುರುವಿನಲ್ಲಿ ಎಫ್6 ಒತ್ತಿ ಡ್ರೈವರ್ ಕೊಡಬಹುದು, ಆದರೆ ಅದು ಕೇಳುವುದು ಫ್ಲಾಪಿಯನ್ನೇ. ಐಡಿಇ ಆಯ್ಕೆ ಇಲ್ಲದ ಬೋರ್ಡ್ ಇರುವವರು ಎನ್‌ಲೈಟ್ ಅನ್ನುವ ತಂತ್ರಾಂಶ ಬಳಸಿ ಡ್ರೈವರನ್ನು ಸಿಡಿಯೊಳಗೇ ಸೇರಿಸಿಕೊಳ್ಳಬೇಕು. ಇನ್ನೂ ಹೊಸ ಬೋರ್ಡ್‌ಗಳಲ್ಲಿ ಎ5 ಅನ್ನುವ ನೀಲಿ ಪರದೆ ಬರುತ್ತದೆ, ಅದು ಎಸಿಪಿಐ (ವಿದ್ಯುತ್ ನಿರ್ವಹಣೆ) ತಕರಾರು. ನೀವು ಅದರಿಂದ ತಪ್ಪಿಸಿಕೊಂಡಿರಿ.

ಆ ತಾನೇ ಹುಡುಕುವ ಪ್ರೋಗ್ರಾಂಗಳ ಸಹವಾಸ ಬೇಡ. ಕೈಯಾರೆ ಹುಡುಕುವುದು ಕಷ್ಟ ಏನಲ್ಲ, ಒಂದು ಸಲ ಕಲಿತರೆ ಸಾಕು. ಹಳದಿ ಗುರುತಿನ ಮೇಲೆ ಎರಡು ಸಲ ಒತ್ತಿ, ಡೀಟೇಲ್ಸ್ ಪುಟಕ್ಕೆ ಹೋಗಿ. ಒಂದು ಉದ್ದನೆಯ ಸಾಲು ಕಾಣುತ್ತದೆ. ಅದರಲ್ಲಿ ವಿಇಎನ್ ಆದ ಮೇಲೆ ಬರುವ ನಾಲ್ಕು ಅಕ್ಷರ ಚಿಪ್ ಮಾಡಿದವರ ಗುರುತು. ಡಿಇವಿ ಆದ ಮೇಲಿನ ನಾಲ್ಕು ಅಕ್ಷರ ಯಾವ ಚಿಪ್ ಅಂತ. 8086 ಇದ್ದರೆ ಇಂಟೆಲ್. ತಮ್ಮ ಹಳೇ ಪ್ರೊಸೆಸರ್ ಸಂಖ್ಯೆಯನ್ನೇ ಗುರುತಾಗಿ ಇಟ್ಟುಕೊಂಡಿದ್ದಾರೆ, ನನಗೆ ಅದು ಯಾವಾಗಲೂ ಇಷ್ಟ. 10ಇಸಿ ಇದ್ದರೆ ರಿಯಲ್‌ಟೆಕ್. 10ಡಿಇ ಎನ್‌ವಿಡಿಯಾ, 1002 ಎಟಿಐ, 1102 ಕ್ರಿಯೇಟಿವ್. ಬೋರ್ಡ್ ಮೇಲೆ ಯಾವ ಕಂಪನಿ ಹೆಸರಿದ್ದರೂ ಡ್ರೈವರ್ ಈ ಚಿಪ್‌ಗೇ ಬರೆದಿರುವುದು. ಹಾಗಾಗಿ ಬೋರ್ಡ್ ಹೆಸರಲ್ಲಿ ಸಿಗದಿದ್ದರೆ ಈ ಎಂಟು ಅಕ್ಷರ ಹಿಡಿದು ಹುಡುಕಿ.

ಡ್ರೈವರ್ ಸಿಕ್ಕ ಮೇಲೆ ಇನ್‌ಸ್ಟಾಲ್ ಮಾಡುವ ಮೊದಲು ಅದರ ಐಎನ್‌ಎಫ್ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ನಿಮ್ಮ ಆ ಸಂಖ್ಯೆ ಅದರಲ್ಲಿದ್ದರೆ ಹಿಡಿಯುತ್ತದೆ. ಇಲ್ಲದಿದ್ದರೆ ಇಲ್ಲ. ಕೆಲವರು ತಮ್ಮ ಸಂಖ್ಯೆಯನ್ನು ತಾವೇ ಸೇರಿಸುತ್ತಾರೆ. ಒಂದೇ ಕುಟುಂಬದ ಚಿಪ್ ಆದರೆ ಕೆಲಸ ಮಾಡುವುದೂ ಉಂಟು, ಮಾಡದೆ ನೀಲಿ ಪರದೆ ತರುವುದೂ ಉಂಟು.

ಎಲ್ಲಿ ಹುಡುಕಬೇಕು ಅಂದರೆ, ನಾನು ಮೊದಲು ಹೋಗುವುದು ಚಿಪ್ ಮಾಡಿದವರ ಪುಟಕ್ಕೆ. ಅಲ್ಲಿ ತೆಗೆದುಹಾಕಿದ್ದರೆ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಿಷನ್‌ನಲ್ಲಿ ಅದೇ ವಿಳಾಸ ಹಾಕಿ 2012ರ ಸುಮಾರಿನ ಪ್ರತಿ ನೋಡುತ್ತೇನೆ. ಹಳೇ ಬೋರ್ಡ್‌ಗಳ ಡ್ರೈವರ್ ಸಿಡಿ ಇಮೇಜ್‌ಗಳನ್ನೂ ಆರ್ಕೈವ್‌ನಲ್ಲಿ ಜನ ಏರಿಸಿದ್ದಾರೆ. 98 ಮತ್ತು ಡಾಸ್ ಕಾಲದ ಕಾರ್ಡ್‌ಗಳಿಗೆ ವೋಗನ್ಸ್ ಡ್ರೈವರ್ ಲೈಬ್ರರಿ. ಮೈಕ್ರೋಸಾಫ್ಟ್‌ನ ಅಪ್‌ಡೇಟ್ ಕ್ಯಾಟಲಾಗ್‌ನಲ್ಲೂ ಎಕ್ಸ್‌ಪಿ ಡ್ರೈವರ್‌ಗಳಿವೆ. 98ಕ್ಕೆ ಪೆನ್ ಡ್ರೈವ್ ಬೇಕಾದವರಿಗೆ ಎನ್‌ಯುಎಸ್‌ಬಿ ಅನ್ನುವ ಒಂದು ಪ್ಯಾಕ್ ಇದೆ. ಗ್ರಾಫಿಕ್ಸ್ ಏನೂ ಸಿಗದವರಿಗೆ ವಿಬಿಇಎಂಪಿ ಅನ್ನುವ ಸಾಮಾನ್ಯ ಡ್ರೈವರ್ ಇದೆ. ವೇಗ ಇಲ್ಲ, ಆದರೆ 16 ಬಣ್ಣದ ಶಿಕ್ಷೆಯಿಂದ ಪಾರಾಗಬಹುದು.

ನಾಲ್ಕು ಸಂಖ್ಯೆ ಇಲ್ಲಿ ಹಾಕಿ, ನೋಡುತ್ತೇನೆ.


ಗದಗಿನ_ಪ್ರೆಸ್ಸಿನವ:

ಮೂರು ನಾನೇ ಹುಡುಕಿದೆ! 10ಇಸಿ, 8168 ನೆಟ್‌ವರ್ಕ್. ಇನ್ನೊಂದು 10ಇಸಿ ಸೌಂಡ್. ಮತ್ತೊಂದು ಇಂಟೆಲ್ ಗ್ರಾಫಿಕ್ಸ್. ಉಳಿದದ್ದು ಪಿಸಿಐ ಸಿಂಪಲ್ ಕಮ್ಯುನಿಕೇಷನ್ಸ್ ಕಂಟ್ರೋಲರ್ ಅಂತಿದೆ, 8086, 1ಸಿ3ಎ.

ಡಾಂಗಲ್ ಮೊದಲು ಕಾಣಲಿಲ್ಲ. ಬಯೋಸ್‌ನಲ್ಲಿ ಪ್ಯಾರಲಲ್ ಪೋರ್ಟ್ ಇಸಿಪಿ ಮೋಡ್‌ನಲ್ಲಿತ್ತು. ಅದನ್ನು ನಾರ್ಮಲ್ ಮಾಡಿ, ಹ್ಯಾಸ್ಪ್‌ನ ಹಳೇ ಡ್ರೈವರ್ ಹಾಕಿದೆ. ಕನ್ನಡ ಟೈಪ್ ಆಯಿತು. ಮೊದಲು ಅಪ್ಪನ ಕೈಯಲ್ಲಿ "ಶ್ರೀ" ಅಂತ ಹೊಡೆಸಿದೆ.


ಚಿಪ್‌ಸೆಟ್_ಶಾನುಭೋಗ:

ತುಂಬಾ ಖುಷಿಯಾಯಿತು. 1ಸಿ3ಎ ಇಂಟೆಲ್ ಮ್ಯಾನೇಜ್‌ಮೆಂಟ್ ಎಂಜಿನ್‌ನದ್ದು. ನಿಮ್ಮ ಕೆಲಸಕ್ಕೆ ಬೇಡ. ಹಳದಿ ಗುರುತು ಹಾಗೇ ಇರಲಿ, ಅಥವಾ ಡಿಸೇಬಲ್ ಮಾಡಿ. ನೆಟ್‌ವರ್ಕ್ ತಂತಿಯನ್ನೂ ತೆಗೆದಿಡಿ. ಎಕ್ಸ್‌ಪಿಗೆ ಭದ್ರತೆಯ ಅಪ್‌ಡೇಟ್ 2014ರ ಏಪ್ರಿಲ್‌ಗೆ ನಿಂತಿದೆ. ಫೈಲ್ ಸಾಗಿಸಲು ಪೆನ್ ಡ್ರೈವ್ ಸಾಕು.


ಗದಗಿನ_ಪ್ರೆಸ್ಸಿನವ:

ಒಂದು ಹೊಸ ತೊಂದರೆ. ಪುಸ್ತಕ ತೆರೆಯಿತು, ಅಕ್ಷರ ಎಲ್ಲಾ ಸರಿ ಇದೆ. ಆದರೆ ಸಾಲುಗಳು ಜಾರಿವೆ. 2003ರ ಪ್ರತಿ ಪಕ್ಕದಲ್ಲಿಟ್ಟು ನೋಡುತ್ತಿದ್ದೇನೆ. 37ನೇ ಪುಟದಿಂದ ವಚನದ ಕೊನೆ ಸಾಲು ಮುಂದಿನ ಪುಟಕ್ಕೆ ಹೋಗುತ್ತಿದೆ. 412 ಪುಟ 419 ಆಗಿದೆ. ಹಿಂದೆ ಇರುವ ಅಕಾರಾದಿ ಪಟ್ಟಿಯ ಪುಟಸಂಖ್ಯೆ ಎಲ್ಲಾ ತಪ್ಪುತ್ತದೆ. ಫಾಂಟ್ ಹಳೇ ಡಿಸ್ಕಿನಿಂದಲೇ ತಂದಿದ್ದೇನೆ. ಏನು ತಪ್ಪಾಗಿದೆ?


ನುಡಿ_ಬೆರಳು:

ಇಷ್ಟು ದಿನ ಓದುತ್ತಿದ್ದೆ, ಈಗ ನನ್ನ ಸರದಿ. ಹದಿನೆಂಟು ವರ್ಷ ಪೇಜ್‌ಮೇಕರ್‌ನಲ್ಲಿ ಕೂತವಳು ನಾನು.

ಅಣ್ಣಾ, ಫಾಂಟ್ ತಪ್ಪಲ್ಲ. ನಿಮಗೆ ಇನ್ನೊಂದು ಡ್ರೈವರ್ ಬೇಕು, ಪ್ರಿಂಟರಿನದ್ದು. ಪೇಜ್‌ಮೇಕರ್ ಸಾಲು ಎಲ್ಲಿ ಮುರಿಯಬೇಕು ಅಂತ ತೀರ್ಮಾನ ಮಾಡುವಾಗ ಪ್ರಿಂಟರನ್ನು ಕೇಳುತ್ತದೆ. ಡಾಕ್ಯುಮೆಂಟ್ ಸೆಟಪ್ ತೆರೆಯಿರಿ, ಕೆಳಗೆ ಕಂಪೋಸ್ ಟು ಪ್ರಿಂಟರ್ ಅಂತ ಇದೆ. 2003ರಲ್ಲಿ ಅಲ್ಲಿ ಯಾವ ಪ್ರಿಂಟರ್ ಇತ್ತೋ ಅದರ ಅಳತೆಗೆ ಅಕ್ಷರಗಳ ಅಗಲ ಲೆಕ್ಕ ಹಾಕಿ ಪುಟ ಕಟ್ಟಿದೆ. ಈಗ ಆ ಪ್ರಿಂಟರ್ ಇಲ್ಲ, ಬೇರೆಯದು ಕೂತಿದೆ. ಒಂದೊಂದು ಅಕ್ಷರಕ್ಕೆ ಕೂದಲೆಳೆಯಷ್ಟು ವ್ಯತ್ಯಾಸ. ಅಷ್ಟೇ ಸಾಕು, ಉದ್ದ ಸಾಲಿನ ಕೊನೆಯ ಪದ ಕೆಳಗೆ ಬೀಳುತ್ತದೆ.

ಆಗ ನಿಮ್ಮಲ್ಲಿ ಯಾವ ಪ್ರಿಂಟರ್ ಇತ್ತು ಅಂತ ಅಪ್ಪನನ್ನು ಕೇಳಿ. ಆ ಪ್ರಿಂಟರ್ ಈಗ ಇರಬೇಕಾಗಿಲ್ಲ, ಅದರ ಡ್ರೈವರ್ ಇದ್ದರೆ ಸಾಕು. ಆ್ಯಡ್ ಪ್ರಿಂಟರ್‌ನಲ್ಲಿ ಪೋರ್ಟ್ ಕೇಳಿದಾಗ ಫೈಲ್ ಅಂತ ಆರಿಸಿ. ಎಚ್‌ಪಿ ಲೇಸರ್‌ಜೆಟ್ 5ಎಲ್, 6ಎಲ್ ಥರದ್ದು ಎಕ್ಸ್‌ಪಿ ಒಳಗೇ ಇವೆ. ಆಮೇಲೆ ಅಸಲು ಫೈಲಿನ ಹೊಸ ನಕಲು ತೆಗೆದುಕೊಂಡು ಅದನ್ನು ತೆರೆಯಿರಿ. ಈಗ ಜಾರಿರುವ ಫೈಲನ್ನು ಸೇವ್ ಮಾಡಿದ್ದರೆ ಅದನ್ನು ಬಳಸಬೇಡಿ.

ಇನ್ನೂ ಒಂದು ಮಾತು. ಈ ಪುಸ್ತಕ ಮುಗಿದ ಮೇಲೆ ಪಠ್ಯವನ್ನು ಯುನಿಕೋಡ್‌ಗೆ (ಎಲ್ಲಾ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಬದಲಿಸಿ ಒಂದು ಪ್ರತಿ ಇಡಿ. ಆ ಕಾಲದ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದರು. ಕಾಗುಣಿತ ಒಂದು ತುಂಡು, ಒತ್ತು ಇನ್ನೊಂದು ತುಂಡು. ಫಾಂಟ್ ಹೋದರೆ ಫೈಲಿನಲ್ಲಿ ಉಳಿಯುವುದು ಅರ್ಥವಿಲ್ಲದ ಗೀಚು. ನುಡಿ, ಬರಹ ತಂತ್ರಾಂಶಗಳ ಹಳೇ ಪಠ್ಯಕ್ಕೆ ಪರಿವರ್ತಕಗಳು ಸಿಗುತ್ತವೆ. ನಿಮ್ಮ ಸಾಫ್ಟ್‌ವೇರಿನ ತುಂಡುಗಳ ಜೋಡಣೆ ಬೇರೆ ಇರಬಹುದು. ಒಂದು ಪುಟ ಕಳಿಸಿ, ಪಟ್ಟಿ ಮಾಡಿ ನೋಡುತ್ತೇನೆ. ಅರ್ಕಾವೊತ್ತಿನ ಜಾಗದಲ್ಲಿ ಹೆಚ್ಚು ತಪ್ಪು ಬರುತ್ತದೆ, ಅಲ್ಲಿ ಕಣ್ಣಿಟ್ಟು ಓದಬೇಕು.


ಗದಗಿನ_ಪ್ರೆಸ್ಸಿನವ:

ಅಕ್ಕಾ, ನಿಮ್ಮ ಮಾತು ನಿಜವಾಯಿತು. ಅಪ್ಪನಿಗೆ ಕೇಳಿದ ತಕ್ಷಣ 6ಎಲ್ ಅಂದರು, ಅದನ್ನು ಕೊಂಡ ದಿನವೂ ಅವರಿಗೆ ನೆನಪಿದೆ. ಡ್ರೈವರ್ ಹಾಕಿ ಹೊಸ ನಕಲು ತೆರೆದೆ. ಸರಿಯಾಗಿ 412 ಪುಟ. 37ನೇ ಪುಟದ ಕೊನೆ ಸಾಲು ತನ್ನ ಜಾಗಕ್ಕೆ ಬಂದು ಕೂತಿದೆ. ಹಳೇ ಪ್ರತಿ ಪಕ್ಕದಲ್ಲಿಟ್ಟು ಅಪ್ಪ, ನಾನು ಇಬ್ಬರೂ ರಾತ್ರಿ ಎರಡರವರೆಗೆ ಪುಟ ಪುಟ ನೋಡಿದೆವು.

ತಿದ್ದುಪಡಿ 64 ಇದ್ದವು, ಮುಗಿದಿವೆ. ನಾಳೆ ಪ್ಲೇಟ್ ಮಾಡಲು ಹೋಗುತ್ತದೆ.

ಎಚ್61 ಬೋರ್ಡಿನ ಎಲ್ಲಾ ಡ್ರೈವರ್, ಹ್ಯಾಸ್ಪ್‌ನ ಆವೃತ್ತಿ, ಬಯೋಸ್‌ನಲ್ಲಿ ಬದಲಿಸಿದ್ದು ಎಲ್ಲವನ್ನೂ ಒಂದು ಫೋಲ್ಡರ್‌ನಲ್ಲಿ ಹಾಕಿ ಎರಡು ಸಿಡಿ ಬರೆದಿದ್ದೇನೆ. ಒಂದು ಪ್ರೆಸ್ಸಿನಲ್ಲಿ, ಒಂದು ಮನೆಯಲ್ಲಿ. ನಮ್ಮ ಓಣಿಯಲ್ಲೇ ಇನ್ನೂ ಮೂರು ಪ್ರೆಸ್‌ಗಳಲ್ಲಿ ಇಂಥದೇ ಹಳೇ ಮಿಷನ್ ನಡೆಯುತ್ತಿವೆ. ಅವರಿಗೂ ಡಿಸ್ಕ್ ಇಮೇಜ್ ತೆಗೆದುಕೊಡುತ್ತೇನೆ ಅಂತ ಹೇಳಿ ಬಂದಿದ್ದೇನೆ. ನುಡಿ_ಬೆರಳು ಅಕ್ಕಾ, ಯುನಿಕೋಡ್‌ಗೆ 12ನೇ ಪುಟ ಕಳಿಸಿದ್ದೇನೆ, ಅದರಲ್ಲಿ ಅರ್ಕಾವೊತ್ತು ತುಂಬಾ ಇದೆ.


ಧಾರವಾಡ_ಲ್ಯಾಬ್:

ಪ್ರೆಸ್ಸಿನವರೇ, ಹುಬ್ಬಳ್ಳಿಯಲ್ಲಿ ಕೆಪಾಸಿಟರ್ ಹಾಕುವವರು ಯಾರು ಅಂತ ನನಗೂ ತಿಳಿಸಿ. ನಮ್ಮ ಬೋರ್ಡಿನಲ್ಲಿ ಎಣಿಸಿ ನೋಡಿದೆ, ನಾಲ್ಕು ಉಬ್ಬಿವೆ.